ಸುಕ್ಕಿಗೆ ಮೂರು ಸೂಜಿ: ಬೊಟಾಕ್ಸ್, ಕರಗಿಸಬಹುದಾದ ಫಿಲ್ಲರ್, ಕರಗಿಸಲಾಗದ ಫಿಲ್ಲರ್

ಫಿಲ್ಲರ್, ಬೊಟಾಕ್ಸ್ ಎರಡೂ ಒಂದೇ ಅಂತ ನಾನೂ ತಿಳಿದುಕೊಂಡಿದ್ದೆ. ಮೂರು ವರ್ಷದಲ್ಲಿ ಮೂರು ಬಗೆಯ ಸೂಜಿ ಚುಚ್ಚಿಸಿಕೊಂಡ ಮೇಲೆ ವ್ಯತ್ಯಾಸ ಗೊತ್ತಾಯಿತು. ಕನ್ನಡಿ ಮುಂದೆ ನಿಂತು ಹುಬ್ಬು ಗಂಟಿಕ್ಕಿ ನೋಡಿ. ಗಂಟಿಕ್ಕಿದಾಗ ಮಾತ್ರ ಮೂಡುವ ಗೆರೆ ಸ್ನಾಯುವಿನದು. ಆ ಸ್ನಾಯುವನ್ನು ಕೆಲಕಾಲ ಸಡಿಲ ಮಾಡೋದು ಬೊಟಾಕ್ಸ್ ಕೆಲಸ. ಮುಖ ಸಡಿಲ ಬಿಟ್ಟು ಸುಮ್ನೆ ಕೂತಾಗಲೂ ಉಳಿಯುವ ಮಡಿಕೆಗೆ ಒಳಗಿನಿಂದ ತುಂಬಬೇಕು. ಅದು ಫಿಲ್ಲರ್.

ಬೊಟಾಕ್ಸ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಹುಬ್ಬುಗಳ ನಡುವೆ ಐದು ಚುಚ್ಚು, ಹತ್ತು ನಿಮಿಷ. ಆ ದಿನ ಏನೂ ಬದಲಾಗಲಿಲ್ಲ. ನಾಲ್ಕನೇ ದಿನ ಯಾರ ಮೇಲೋ ಸಿಟ್ಟು ಬಂತು, ಹುಬ್ಬು ಮಾತ್ರ ಅಲುಗಲಿಲ್ಲ! ಎರಡು ವಾರಕ್ಕೆ ಪೂರ್ತಿ ಹಿಡಿಯಿತು, ನಾಲ್ಕು ತಿಂಗಳಿಗೆ ಗೆರೆ ವಾಪಸ್ ಬಂತು. ಮೂಗಿನ ಪಕ್ಕದಿಂದ ಬಾಯಿಯವರೆಗೆ ಇಳಿಯುವ ಗೆರೆಗಳು ಇದ್ದಂತೆಯೇ ಇದ್ದವು.

ಅವಕ್ಕೆ ಹಾಕಿಸಿದ್ದು ಹೈಯಲುರಾನಿಕ್ ಆಸಿಡ್ ಫಿಲ್ಲರ್. ಈ ವಸ್ತುವನ್ನು 1934ರಲ್ಲಿ ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದ. ನಮ್ಮ ಚರ್ಮದಲ್ಲೂ ಇದೆ, ನೀರು ಹಿಡಿದಿಡುತ್ತದೆ. ಹಾಗೇ ಚುಚ್ಚಿದರೆ ದೇಹ ಬೇಗನೆ ಕರಗಿಸಿಬಿಡುತ್ತದೆ. ಅದಕ್ಕೇ ಎಳೆಗಳನ್ನು ಒಂದಕ್ಕೊಂದು ಹೆಣೆದು ಜೆಲ್ ಮಾಡಿರುತ್ತಾರೆ. ಸಿರಿಂಜಿನಲ್ಲಿ ಇರುವುದು 1 ಮಿ.ಲೀ., ಅಂದರೆ ಟೀ ಚಮಚದ ಐದನೇ ಒಂದು ಭಾಗ. ಇಷ್ಟರಲ್ಲಿ ಏನಾಗುತ್ತೆ ಅಂದುಕೊಂಡೆ. ಡಾಕ್ಟರು ಎಡಗಡೆ ಮುಗಿಸಿ ಕನ್ನಡಿ ಕೈಗೆ ಕೊಟ್ಟರು. ಬಲಗಡೆ ಆಯಾಸದ ಮುಖ, ಎಡಗಡೆ ನಿದ್ದೆ ಮಾಡಿ ಎದ್ದ ಮುಖ. ಎರಡು ದಿನ ಊತ ಇತ್ತು. ಒಂದು ಕಡೆ ನೀಲಿಗಟ್ಟಿತ್ತು, ಮೀನೆಣ್ಣೆ ಮಾತ್ರೆ ನಿಲ್ಲಿಸಿ ಬನ್ನಿ ಅಂದಿದ್ದನ್ನು ನಾನೇ ಮರೆತಿದ್ದೆ. ಹೆಚ್ಚುಕಡಿಮೆ ಒಂದು ವರ್ಷ ಬಾಳಿತು.

ಆಮೇಲೆ ಆಸೆ ಹೆಚ್ಚಾಯಿತು ನೋಡಿ. ಕಣ್ಣಿನ ಕೆಳಗಿನ ಗುಳಿಗೂ ಹಾಕಿಸಿದೆ. ಅಲ್ಲಿನ ಚರ್ಮ ತೀರಾ ತೆಳು. ಜೆಲ್ ಮೇಲಕ್ಕೇ ನಿಂತಿತು, ಬೆಳಕು ಬಿದ್ದರೆ ನೀಲಿ ಛಾಯೆಯ ಉಬ್ಬು. ಒಂದು ತಿಂಗಳು ಕಾದು ಮತ್ತೆ ಹೋದೆ. ಈ ಜೆಲ್ ಕರಗಿಸುವ ಹೈಯಲುರಾನಿಡೇಸ್ ಅನ್ನುವ ಎಂಜೈಮ್ ಚುಚ್ಚಿದರು. ಉರಿಯಿತು ನಿಜ, ಆದರೆ ಮಾರನೇ ದಿನಕ್ಕೆ ಉಬ್ಬು ಇರಲಿಲ್ಲ.

ಈ ಅಳಿಸುವ ರಬ್ಬರು ಮೂರನೆಯದಕ್ಕೆ ಇಲ್ಲ. ಕ್ಯಾಲ್ಸಿಯಂ ಫಿಲ್ಲರಿನಲ್ಲಿ ಇರುವುದು ಮೂಳೆ, ಹಲ್ಲಿನಲ್ಲಿರುವಂಥದ್ದೇ ಖನಿಜದ ಸಣ್ಣ ಮಣಿಗಳು. ಜೊತೆಗಿನ ಜೆಲ್ ಕೆಲವು ತಿಂಗಳಲ್ಲಿ ಹೋಗುತ್ತದೆ. ಅಷ್ಟರಲ್ಲಿ ಮಣಿಗಳ ಸುತ್ತ ಚರ್ಮವೇ ಕೊಲಾಜೆನ್, ಅಂದರೆ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್, ಕಟ್ಟಿಕೊಳ್ಳುತ್ತದೆ. ದವಡೆ ಅಂಚಿಗೆ ಹಾಕಿಸಿದೆ, ಗಟ್ಟಿಯಾಗಿ ಚೆನ್ನಾಗಿಯೇ ಕೂತಿತು. ನನಗೆ ಮೂರರಲ್ಲಿ ಹೆಚ್ಚು ಬಾಳಿದ್ದು ಇದೇ. ತುಟಿಗೆ ಮಾತ್ರ ಇದು ಬೇಡ, ಗಂಟು ಕಟ್ಟುತ್ತದೆ. ಎಕ್ಸ್‌ರೇಯಲ್ಲೂ ಕಾಣುತ್ತದೆ, ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ನನಗೆ ಒಂದು ಕಡೆ ಕಡಲೆಕಾಳಿನಷ್ಟು ಗಂಟಾಗಿ, ಮೂರು ವಾರ ತಿಕ್ಕಿ ತಿಕ್ಕಿ ಇಳಿಸಿದೆ. ಅಷ್ಟು ದಿನವೂ ಕೈ ಅಲ್ಲಿಗೇ ಹೋಗುತ್ತಿತ್ತು.

ಫಿಲ್ಲರ್ ಯಾವುದೇ ಇರಲಿ, ನಿಜವಾದ ಭಯ ರಕ್ತನಾಳದ್ದು. ಒಳಗೆ ಹೊಕ್ಕರೆ ರಕ್ತ ನಿಂತು ಚರ್ಮ ಬಿಳಿಚಿಕೊಳ್ಳುತ್ತದೆ, ನೋವು ಮಿತಿಮೀರುತ್ತದೆ. ಹುಬ್ಬಿನ ನಡುವೆ, ಮೂಗಿನ ಮೇಲೆ ಅಪಾಯ ಜಾಸ್ತಿ. ಅಪರೂಪಕ್ಕೆ ಕಣ್ಣೇ ಹೋಗಿದೆ. ಆಗ ಹೈಯಲುರಾನಿಕ್ ಜೆಲ್ ಆದರೆ ಕರಗಿಸೋಕೆ ಒಂದು ದಾರಿಯಾದರೂ ಇರುತ್ತದೆ, ಅಲ್ವಾ? ನಾನು ಮತ್ತೆ ಅದಕ್ಕೇ ವಾಪಸಾದೆ. ಈ ಸಲ ಹೊಸ ಡಾಕ್ಟರ ಹತ್ತಿರ ಹೋದಾಗ ಮೊದಲು ಕೇಳಿದ್ದು, "ಎಂಜೈಮ್ ನಿಮ್ಮ ಹತ್ತಿರ ಈಗಲೇ ಇದೆಯಾ?" ಅಂತ. ಅವರು ಬೇಜಾರು ಮಾಡಿಕೊಳ್ಳದೆ ಫ್ರಿಜ್ ತೆಗೆದು ಬಾಟಲಿ ತೋರಿಸಿದರು. ಅಲ್ಲೇ ಹಾಕಿಸಿಕೊಂಡೆ.