ಗಾಜನೂರು ದಾಟಿದ ಮೇಲಿನ ಹೋಟೆಲ್: ಕಡುಬು, ಕಾಫಿ, ಬಾಕ್ಸಿಂಗ್

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟರೆ, ಗಾಜನೂರು ದಾಟಿ ಸಕ್ರೆಬೈಲು ಬರುವ ಮೊದಲು ಒಂದು ಹೆಂಚಿನ ಹೋಟೆಲ್ ಸಿಗುತ್ತದೆ. ಬೋರ್ಡಿನ ಬಣ್ಣ ಮಳೆಗೆ ಹೋಗಿದೆ, ಹೆಸರು ಓದಲು ಆಗುವುದಿಲ್ಲ. ಮುಂದೆ ದೊಡ್ಡ ಹಲಸಿನ ಮರ, ಅದರ ಬುಡದಲ್ಲಿ ಸಾಲಾಗಿ ಬೈಕು ಇದ್ದರೆ ಅದೇ ಅಂತ ತಿಳಿಯಿರಿ. ನಮ್ಮ ಜಿಲ್ಲೆಯಲ್ಲಿ ಒಳ್ಳೆ ಕಡುಬಿಗೆ ಬರವಿಲ್ಲ. ಬರೀ ತಿಂಡಿಯ ವಿಷಯ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬಾಕ್ಸಿಂಗ್ ಹಾಕಿ, ಹನ್ನೆರಡು ರೌಂಡೂ ಕೂತು ನೋಡಲು ಬಿಡುವ ಹೋಟೆಲ್ ಈ ಕಡೆ ನಾನು ಕಂಡದ್ದು ಇದೊಂದೇ. ಅದಕ್ಕೇ ಈ ಬರಹ.

ಯಜಮಾನರು ಚಿಕ್ಕ ವಯಸ್ಸಿನಲ್ಲಿ ಮುಂಬೈ ಕ್ಯಾಂಟೀನಿನಲ್ಲಿ ಕೆಲಸ ಮಾಡಿದವರು. ಮೈಕ್ ಟೈಸನ್ ಕಾಲದಲ್ಲಿ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಅಮೆರಿಕದ ಶನಿವಾರ ರಾತ್ರಿ ಅಂದರೆ ನಮಗೆ ಭಾನುವಾರ ಬೆಳಗಿನ ತಿಂಡಿ ಹೊತ್ತು. ದೊಡ್ಡ ಫೈಟ್ ಇದ್ದ ದಿನ ಅಡುಗೆಮನೆ ಪೂರ್ತಿ ಅಕ್ಕನ ಕೈಲಿರುತ್ತದೆ. ಯಜಮಾನರು ಗಲ್ಲಾಪೆಟ್ಟಿಗೆಯಲ್ಲಿ ಕೂತು ಒಂದು ಕಣ್ಣು ಟಿವಿಯಲ್ಲೇ ಇಟ್ಟಿರುತ್ತಾರೆ.

ಮೊದಲು ತಿಂಡಿ. ಕಡುಬು ಹಬೆಯಾಡುತ್ತಾ ಬರುತ್ತದೆ, ಎರಡು ಬೆರಳಲ್ಲಿ ಮುರಿದರೆ ಒಳಗೆ ತರಿತರಿಯಾಗಿ ಬಿಡಿಸಿಕೊಳ್ಳುತ್ತದೆ, ಎಲ್ಲೂ ಹಿಟ್ಟು ಹಿಟ್ಟಾಗಿರುವುದಿಲ್ಲ. ಜೊತೆಗೆ ಕಾಯಿ ಚಟ್ನಿ, ಕೇಳಿದರೆ ಬೆಣ್ಣೆ. ಅಕ್ಕಿ ರೊಟ್ಟಿ ಕಾಗದದಷ್ಟು ತೆಳು ಇರುವುದಿಲ್ಲ. ಕೆಂಡದ ಮೇಲೆ ಸುಟ್ಟ ಕಪ್ಪು ಚುಕ್ಕಿ ಇರುವ ನಮ್ಮ ಮನೆಗಳ ರೊಟ್ಟಿಯೇ. ಮಳೆಗಾಲದಲ್ಲಿ ಪತ್ರೊಡೆ ಮಾಡುತ್ತಾರೆ, ಬೇಗ ಖಾಲಿಯಾಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಗೆ ಲೆಕ್ಕ ಇಡುವುದಿಲ್ಲ, ಭರಣಿ ಟೇಬಲ್ ಮೇಲೇ ಇರುತ್ತದೆ. ಕಾಫಿ ಮಾತ್ರ ನನಗೆ ಸಿಹಿ ಜಾಸ್ತಿ. ಮೊದಲೇ ಹೇಳಿದರೆ ಸಕ್ಕರೆ ಕಮ್ಮಿ ಮಾಡಿ ಕೊಡುತ್ತಾರೆ. ಹೊಟ್ಟೆ ತುಂಬ ತಿಂದರೂ ನೂರು ರೂಪಾಯಿ ದಾಟುವುದು ಕಷ್ಟ.

ಈಗ ಅಂಕ ಬರೆಯುವ ಚೀಟಿ ವಿಷಯಕ್ಕೆ ಬರುತ್ತೇನೆ. ಈ ಹೋಟೆಲಿನ ಜೀವ ಇರುವುದೇ ಅಲ್ಲಿ. ಫೈಟ್ ಶುರುವಾಗುವ ಮೊದಲು ಯಜಮಾನರು ಹಳೇ ಕ್ಯಾಲೆಂಡರ್ ಹಾಳೆ ಹರಿದು, ಹಿಂಬದಿಗೆ ಗೆರೆ ಎಳೆದು, ಎಲ್ಲರಿಗೂ ಒಂದೊಂದು ಹಂಚುತ್ತಾರೆ. ರೌಂಡ್ ಗೆದ್ದವನಿಗೆ 10, ಸೋತವನಿಗೆ 9, ಕೆಳಗೆ ಬಿದ್ದರೆ 8. ಗಂಟೆ ಹೊಡೆದ ತಕ್ಷಣ ಬರೆದು ಚೀಟಿ ಮಗುಚಿಡಬೇಕು, ಪಕ್ಕದವರದ್ದು ನೋಡಬಾರದು. ಟಿವಿ ಸೌಂಡ್ ಪೂರ್ತಿ ಬಂದ್. ಕಾಮೆಂಟರಿಯವರು ಹೇಳಿದ್ದನ್ನೇ ನಂಬಿ ಬರೆಯಬಾರದು ಅಂತ ಅವರ ನಿಯಮ. ಇದರಿಂದ ನಾನು ಫೈಟ್ ನೋಡುವ ರೀತಿಯೇ ಬದಲಾಯಿತು. ಮುಂಚೆ ಯಾರು ಮುಂದೆ ನುಗ್ಗುತ್ತಾರೋ ಅವರೇ ಗೆದ್ದರು ಅನ್ನಿಸುತ್ತಿತ್ತು. ಈಗ ಯಾರ ಏಟು ನೆಟ್ಟಗೆ ಮುಖಕ್ಕೆ ಬಿತ್ತು, ಯಾರದ್ದು ಬರೀ ತೋಳಿಗೆ ತಾಗಿತು ಅಂತ ಕಣ್ಣು ಹುಡುಕುತ್ತದೆ.

2025ರ ಸೆಪ್ಟೆಂಬರ್ 14ರ ಭಾನುವಾರವನ್ನು ಇಲ್ಲಿಗೆ ಬರುವ ಯಾರೂ ಮರೆಯುವುದಿಲ್ಲ. ಬೆಳಿಗ್ಗೆ ಲಾಸ್ ವೇಗಸ್‌ನಿಂದ ಅಮೆರಿಕದ ಟೆರೆನ್ಸ್ ಕ್ರಾಫರ್ಡ್ ಮತ್ತು ಮೆಕ್ಸಿಕೊದ ಕನೆಲೊ ಅಲ್ವಾರೆಜ್. ಅದು ನೆಟ್‌ಫ್ಲಿಕ್ಸ್‌ನಲ್ಲೇ ಇತ್ತು. ಸಂಜೆ ಜಪಾನಿನ ನಗೋಯಾದಿಂದ ನವೊಯಾ ಇನೋವೆ ಮತ್ತು ಉಜ್ಬೇಕಿಸ್ತಾನದ ಅಖ್ಮದಲಿಯೆವ್. ಮಧ್ಯಾಹ್ನ ಬಾಗಿಲು ಹಾಕುವ ಹೋಟೆಲ್ಲು ಅವತ್ತು ಕತ್ತಲಾಗುವವರೆಗೂ ತೆರೆದಿತ್ತು. ಅಕ್ಕ ಮಧ್ಯದಲ್ಲಿ ಎಲ್ಲರಿಗೂ ಅನ್ನ, ಸೌತೆಕಾಯಿ ಹುಳಿ ಬಡಿಸಿದರು. ಅದಕ್ಕೆ ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ಬೆಳಿಗ್ಗೆ ಕ್ರಾಫರ್ಡ್ ಮಾಡಿದ್ದು ಸಣ್ಣ ಕೆಲಸವೇನಲ್ಲ. ಹಿಂದಿನ ಫೈಟ್‌ನಲ್ಲಿ 154 ಪೌಂಡ್ ತೂಕದ ವರ್ಗದಲ್ಲಿ ಇದ್ದವನು 168ಕ್ಕೆ ಬಂದು ಆಡಿದ. ಅಂದರೆ ಆರು ಕೆಜಿಗೂ ಜಾಸ್ತಿ. 38ನೇ ಹುಟ್ಟುಹಬ್ಬಕ್ಕೆ ಎರಡೇ ವಾರ ಇತ್ತು. ಎದುರಿಗೆ ಆ ತೂಕದಲ್ಲಿ ವರ್ಷಗಳಿಂದ ರಾಜನಾಗಿದ್ದ ಕನೆಲೊ. ಕನೆಲೊನ ಭಾರಿ ಬಲಗೈ ತೋಳಿಗೆ, ಭುಜಕ್ಕೆ ಬೀಳುತ್ತಿತ್ತೇ ಹೊರತು ಸರಿಯಾದ ಜಾಗಕ್ಕೆ ಬೀಳುತ್ತಿರಲಿಲ್ಲ. ಕ್ರಾಫರ್ಡ್‌ನ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು, ಮಾತ್ರ ಸರಿಯಾಗಿ ಹಣೆಗೇ. ಕೊನೆಯ ರೌಂಡುಗಳಲ್ಲಿ ಓಡಲಿಲ್ಲ, ಎದುರಿಗೇ ನಿಂತು ಹೊಡೆದಾಡಿದ. ಹನ್ನೆರಡು ರೌಂಡೂ ಕೂಡಿ ಒಬ್ಬ ಜಡ್ಜ್ 116-112, ಇನ್ನಿಬ್ಬರು 115-113 ಕೊಟ್ಟರು. ನನ್ನ ಚೀಟಿಯಲ್ಲೂ 116-112. 140, 147, 168 ಪೌಂಡ್, ಮೂರು ತೂಕದಲ್ಲಿ ನಾಲ್ಕು ಬಾಕ್ಸಿಂಗ್ ಸಂಸ್ಥೆಗಳ ವಿಶ್ವ ಪಟ್ಟ, ಅಂದರೆ ನಾಲ್ಕೂ ಬೆಲ್ಟ್ ಗೆದ್ದ ಮೊದಲ ಗಂಡಸು ಆತ. ಡಿಸೆಂಬರಿನಲ್ಲಿ 42 ಫೈಟ್, ಒಂದೂ ಸೋಲಿಲ್ಲದೆ ನಿವೃತ್ತಿ ಹೇಳಿಬಿಟ್ಟ.

ಹಾಗಾದರೆ ವರ್ಷದ ಬಾಕ್ಸರ್ ಅವನೇ ಅಲ್ವಾ? ಡಿಸೆಂಬರ್ 28ರ ಭಾನುವಾರ ಇದೇ ಪ್ರಶ್ನೆಗೆ ಹೋಟೆಲಿನಲ್ಲಿ ದೊಡ್ಡ ಚರ್ಚೆ ಆಯಿತು. ಪಿಯು ಕಾಲೇಜಿನ ಪಿ.ಟಿ. ಮೇಷ್ಟ್ರು ಒಬ್ಬರು ಕ್ರಾಫರ್ಡ್ ಪರ. ‘ಇಂಥ ಗೆಲುವು ಜನ್ಮಕ್ಕೆ ಒಂದು ಸಿಗುತ್ತೆ ಕಣ್ರೀ, ಉಳಿದಿದ್ದೆಲ್ಲ ಇದರ ಮುಂದೆ ಏನು?’ ಅಂತ ಅವರು. ತೋಟದ ಗೌಡರು ಉಕ್ರೇನಿನ ಹೆವಿವೇಟ್ ಬಾಕ್ಸರ್ ಉಸಿಕ್ ಪರ. 2024ರಲ್ಲಿ ಟೈಸನ್ ಫ್ಯೂರಿಯನ್ನು ಎರಡು ಸಲ ಸೋಲಿಸಿದ ಉಸಿಕ್, 2025ರ ಜುಲೈನಲ್ಲಿ ವೆಂಬ್ಲಿಯಲ್ಲಿ ಡುಬೊವಾನನ್ನು ಐದನೇ ರೌಂಡಿಗೇ ಮಲಗಿಸಿದ. ಗೌಡರ ಮಾತಿಗೆ ನನ್ನ ಗೌರವ ಇದೆ, ಆದರೆ ಆ ವರ್ಷ ಉಸಿಕ್ ಆಡಿದ್ದೂ ಅದೊಂದೇ.

ನಾನು ಇನೋವೆ ಪರ, ಈಗಲೂ ಅದೇ ಮಾತು. ವರ್ಷದ ಬಾಕ್ಸರ್ ಅಂದ ಮೇಲೆ ಇಡೀ ವರ್ಷ ಲೆಕ್ಕಕ್ಕೆ ಬರಬೇಕು. ಜನವರಿಯಲ್ಲಿ ಟೋಕಿಯೊ, ಮೇನಲ್ಲಿ ಲಾಸ್ ವೇಗಸ್, ಸೆಪ್ಟೆಂಬರಿನಲ್ಲಿ ನಗೋಯಾ, ಡಿಸೆಂಬರ್ 27ಕ್ಕೆ ರಿಯಾದ್‌ನಲ್ಲಿ ಪಿಕಾಸೊ ಎದುರು. ನಾಲ್ಕು ಸಲ ನಾಲ್ಕೂ ಬೆಲ್ಟ್ ಪಣಕ್ಕಿಟ್ಟ. ಜನವರಿಯ ಕಿಮ್ ಕೊನೇ ಗಳಿಗೆಯಲ್ಲಿ ಬದಲಿಗೆ ಬಂದವನು, ನಾಲ್ಕನೇ ರೌಂಡಿಗೆ ಮುಗಿಯಿತು. ಅದನ್ನು ದೊಡ್ಡದು ಮಾಡುವುದಿಲ್ಲ. ಮೇ ತಿಂಗಳದ್ದು ಬೇರೆಯೇ. ಎರಡನೇ ರೌಂಡಿನಲ್ಲಿ ರಮೋನ್ ಕಾರ್ಡೆನಾಸ್‌ನ ಎಡಗೈ ಹುಕ್ ತಗುಲಿ ಇನೋವೆ ನೆಲಕ್ಕೆ ಬಿದ್ದ. ಸೋಮವಾರ ಬೆಳಿಗ್ಗೆ ಅದು, ಹೋಟೆಲಿನಲ್ಲಿ ಕೆಲಸಕ್ಕೆ ಹೊರಟವರು ನಿಂತಲ್ಲೇ ನಿಂತರು. ರೆಫರಿ ಎಣಿಸುವಾಗ ಆತ ಗಾಬರಿಯಾಗಿ ಮೇಲೇಳಲಿಲ್ಲ. ಎಣಿಕೆ ಪೂರ್ತಿ ಉಪಯೋಗಿಸಿಕೊಂಡು, ಉಸಿರು ಸರಿ ಮಾಡಿಕೊಂಡು ಎದ್ದ. ಮುಂದಿನ ರೌಂಡಿಂದ ಹೊಟ್ಟೆಗೆ, ಮುಖಕ್ಕೆ ಬಿಡದೆ ಹೊಡೆದು ಎಂಟನೆಯದರಲ್ಲಿ ಮುಗಿಸಿದ. ಹಾಗೆ ಬಿದ್ದವನು ಸೆಪ್ಟೆಂಬರಿನಲ್ಲಿ ಹೇಗೆ ಆಡಿದ ನೋಡಿ. ಅಖ್ಮದಲಿಯೆವ್ ರಿಯೊ ಒಲಿಂಪಿಕ್ಸಿನ ಕಂಚಿನವನು, ಹಿಂದೆ ಇದೇ ತೂಕದಲ್ಲಿ ಎರಡು ಬೆಲ್ಟ್ ಇಟ್ಟುಕೊಂಡಿದ್ದವನು. ಅವನ ಎದುರು ಇನೋವೆ ನಾಕೌಟ್ ಹಿಂದೆ ಬೀಳಲೇ ಇಲ್ಲ. ಒಳಗೆ ಹೋಗಿ ಎರಡು ಹೊಡೆದು ಹೊರಗೆ ಬರುವುದು, ಮತ್ತೆ ಅದೇ. ಇಬ್ಬರು ಜಡ್ಜ್ 118-110, ಒಬ್ಬರು 117-111. ನಾಕೌಟ್ ಮಾಡುವವನು ಅಂತ ಹೆಸರಾದವನು ಬೇಕಾದರೆ ಬುದ್ಧಿಯಿಂದಲೂ ಗೆಲ್ಲುತ್ತೇನೆ ಅಂತ ತೋರಿಸಿದ.

ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟು: ಒಂದು ಹೋಟೆಲ್ ಚೆನ್ನಾಗಿದೆ ಅಂತ ನಾವು ಹೇಳುವುದು ಒಂದು ದಿನದ ಹಬ್ಬದೂಟ ತಿಂದು ಅಲ್ಲ. ಹಾಗೆ ಅಂದಾಗ ಗಲ್ಲಾಪೆಟ್ಟಿಗೆಯಲ್ಲಿದ್ದ ಯಜಮಾನರಿಗೂ ಖುಷಿಯಾಯಿತು. ಆಮೇಲೆ ಅವರೇ ಹಳೇ ಉದಾಹರಣೆ ಕೊಟ್ಟರು. 1987ರಲ್ಲಿ ಶುಗರ್ ರೇ ಲಿಯೊನಾರ್ಡ್ ನಿವೃತ್ತಿಯಿಂದ ವಾಪಸ್ ಬಂದು, ತೂಕ ಏರಿಸಿ, ಹ್ಯಾಗ್ಲರನ್ನು ಸೋಲಿಸಿದ. ಆ ವರ್ಷ ಅವನದ್ದು ಅದೊಂದೇ ಫೈಟ್. ಅಮೆರಿಕದ ಬಾಕ್ಸಿಂಗ್ ಪತ್ರಿಕೆ ‘ರಿಂಗ್’ 1928ರಿಂದ ವರ್ಷದ ಬಾಕ್ಸರ್ ಗೌರವ ಕೊಡುತ್ತಾ ಬಂದಿದೆ. 1987ರಲ್ಲಿ ಅದು ಹೋಗಿದ್ದು ಲಿಯೊನಾರ್ಡ್‌ಗಲ್ಲ, ಇವಾಂಡರ್ ಹೋಲಿಫೀಲ್ಡ್‌ಗೆ. 2023ರಲ್ಲೂ ಕ್ರಾಫರ್ಡ್, ಇನೋವೆ ಇಬ್ಬರ ಪೈಪೋಟಿ ಇತ್ತು. ಕ್ರಾಫರ್ಡ್ ಸ್ಪೆನ್ಸ್‌ನನ್ನು ಒಂದು ರಾತ್ರಿಯಲ್ಲಿ ಪುಡಿ ಮಾಡಿದ, ಇನೋವೆ ಫುಲ್ಟನ್ ಮತ್ತು ತಪಾಲೆಸ್ ಇಬ್ಬರನ್ನೂ ನಾಕೌಟ್ ಮಾಡಿದ. ‘ರಿಂಗ್’ ಆಗ ಇನೋವೆಯನ್ನೇ ಆರಿಸಿತು. ಮೇಷ್ಟ್ರು ಒಪ್ಪಲಿಲ್ಲ. ಪಿಕಾಸೊ, ಕಿಮ್ ಥರದವರು ನಾಲ್ಕು ಸೇರಿದರೂ ಒಬ್ಬ ಕನೆಲೊ ಆಗುವುದಿಲ್ಲ ಅಂದರು. ಆ ಮಾತಲ್ಲಿ ತೂಕ ಇದೆ, ಇಲ್ಲ ಅನ್ನಲಾರೆ. ಆದರೂ ನನ್ನ ಮತ ಬದಲಾಗುವುದಿಲ್ಲ.

ಅಪ್ಪನ ಜೊತೆ ಬರುವ ಕಾಲೇಜು ಹುಡುಗಿಯೊಬ್ಬಳು ಅಲ್ಲಿಯವರೆಗೆ ಸುಮ್ನೆ ರೊಟ್ಟಿ ತಿನ್ನುತ್ತಿದ್ದಳು. ಅವಳು ಕೇಳಿದಳು: ‘ಮೇಷ್ಟ್ರೇ, ನಮ್ಮ ಜಾಸ್ಮಿನ್ ಲಂಬೋರಿಯಾ ಹೆಸರು ಯಾಕೆ ಯಾರೂ ಹೇಳ್ತಿಲ್ಲ?’ ಸೆಪ್ಟೆಂಬರಿನ ಅದೇ ವಾರಾಂತ್ಯ ಲಿವರ್‌ಪೂಲ್‌ನಲ್ಲಿ ಜಾಸ್ಮಿನ್ 57 ಕೆಜಿಯಲ್ಲಿ, ಮೀನಾಕ್ಷಿ ಹೂಡಾ 48 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೊದಲ ಪಂದ್ಯಕ್ಕೇ ಸೋತು ಬಂದ ಜಾಸ್ಮಿನ್, ಅದೇ ಪ್ಯಾರಿಸಿನ ಬೆಳ್ಳಿ ಗೆದ್ದವಳನ್ನು ಫೈನಲಿನಲ್ಲಿ ಸೋಲಿಸಿದಳು. ಆ ಪ್ರಶಸ್ತಿಗಳೆಲ್ಲ ವೃತ್ತಿಪರ ಬಾಕ್ಸರುಗಳಿಗೆ ಅಂತ ಮೇಷ್ಟ್ರು ವಿವರಿಸಿದರು. ಹುಡುಗಿ ಬಿಡಲಿಲ್ಲ. ‘ಅದು ಅವರ ಲಿಸ್ಟು. ಇದು ನಮ್ಮ ಹೋಟೆಲ್ಲು.’ ಯಜಮಾನರು ಮಾತಾಡದೆ ಗೋಡೆಯ ಕರಿಹಲಗೆಯಲ್ಲಿ ‘ಇಂದಿನ ತಿಂಡಿ’ ಕೆಳಗೆ ಜಾಸ್ಮಿನ್, ಮೀನಾಕ್ಷಿ ಹೆಸರು ಬರೆದರು. ಅದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದೆವು. ಇನ್ನು ಮುಂದೆ ವರ್ಷದ ಬಾಕ್ಸರ್ ಆರಿಸುವಾಗ ನಮ್ಮವರಿಗೇ ಬೇರೆ ಚೀಟಿ ಇರಬೇಕು ಅಂತ ನನ್ನ ಒತ್ತಾಯ.

ಕುಂದುಕೊರತೆಯನ್ನೂ ಹೇಳಬೇಕು. ಬೆಳಿಗ್ಗೆ ಎಂಟೂವರೆ ಮೇಲೆ ಸಕ್ರೆಬೈಲಿಗೆ ಆನೆ ನೋಡಲು ಹೋಗುವ ಕಾರುಗಳು ಇಲ್ಲೇ ನಿಲ್ಲುತ್ತವೆ. ಮಕ್ಕಳು ಮರಿ ಕಟ್ಟಿಕೊಂಡು ಬಂದವರನ್ನು ನಿಲ್ಲಿಸಿ ನಾವು ಬೆಂಚು ಹಿಡಿದು ಕೂರುವುದು ಸರಿಯಲ್ಲ. ಹಿಂದಿನ ಚಾವಡಿಗೆ ಟಿವಿ ಹಾಕಿದರೆ ಇಬ್ಬರಿಗೂ ಅನುಕೂಲ. ಈಗಿರುವ ಟಿವಿ ಕಂಬದ ಪಕ್ಕ ಇದೆ, ಎಡಗಡೆ ಮೂಲೆಯಲ್ಲಿ ಕೂತರೆ ಅರ್ಧ ರಿಂಗ್ ಕಾಣುವುದಿಲ್ಲ. ಕರೆಂಟ್ ಹೋದರೆ ಯುಪಿಎಸ್ ಇದೆ, ಆದರೆ ಜೋರು ಮಳೆಗೆ ನೆಟ್ ಕೈಕೊಡುತ್ತದೆ. ಕೈ ತೊಳೆಯುವ ಜಾಗಕ್ಕೆ ದೀಪ ಬೇಕು.

ಬರುವವರು ಎಂಟಕ್ಕೆ ಮುಂಚೆ ಬನ್ನಿ, ಬಲಗಡೆಯ ಎರಡನೇ ಬೆಂಚು ಹಿಡಿಯಿರಿ. ಪೆನ್ನು ನೀವೇ ತನ್ನಿ, ಅಲ್ಲಿರುವುದು ಎರಡೇ. ಫೈಟ್ ಇಲ್ಲದ ಭಾನುವಾರವೂ ಕಡುಬು ಇದ್ದೇ ಇರುತ್ತದೆ. ಮಂಗಳವಾರ ರಜೆ.