ವಯಸ್ಕರ ಎಡಿಎಚ್‌ಡಿ: ಕಲಬುರಗಿಯ ಒಂದು ಕ್ಲಿನಿಕ್‌ನಲ್ಲಿ ಎಂಟು ತಿಂಗಳು

ಎಡಿಎಚ್‌ಡಿಗಾಗಿ, ಅಂದರೆ ಬಾಲ್ಯದಿಂದಲೇ ಬರುವ ಗಮನದ ಕೊರತೆ ಮತ್ತು ಚಡಪಡಿಕೆಯ ತೊಂದರೆಗಾಗಿ, ಕಲಬುರಗಿಯ ಖಾಸಗಿ ಮನೋವೈದ್ಯರೊಬ್ಬರ ಕ್ಲಿನಿಕ್‌ಗೆ ಎಂಟು ತಿಂಗಳಿಂದ ಹೋಗಿಬರುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ದೂರೂ ಇರುವುದರಿಂದ ಅದರ ಹೆಸರು ಬರೆಯುವುದಿಲ್ಲ. ನನಗೆ 38 ವರ್ಷ. ತೊಗರಿಬೇಳೆ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಜಿಎಸ್‌ಟಿ ರಿಟರ್ನ್ಸ್ ಮರೆತು ಮಾಲೀಕರಿಗೆ ಮೂರನೆಯ ಸಲ ದಂಡ ಬಿದ್ದಾಗ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಗೆ (14416) ಕರೆ ಮಾಡಿದೆ. ಕನ್ನಡದಲ್ಲೇ ಮಾತನಾಡಿದ ಸಲಹೆಗಾರರು, ಈ ಮರೆವು ಯಾತರದ್ದೆಂದು ಫೋನಿನಲ್ಲಿ ತೀರ್ಮಾನಿಸಲಾಗದು, ಮನೋವೈದ್ಯರನ್ನು ಎದುರಿಗೇ ಕಾಣಬೇಕು ಎಂದರು.

ಈ ಕ್ಲಿನಿಕ್‌ನ ನಿಜವಾದ ಬಲ ಕಾಯಿಲೆಯನ್ನು ಗುರುತಿಸುವ ಕ್ರಮದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಪಟ್ಟಿಯನ್ನು ನನ್ನಿಂದ ತುಂಬಿಸಿಕೊಂಡ ವೈದ್ಯರು, ಇದರಿಂದ ಸಂದೇಹ ಮೂಡಬಹುದೇ ಹೊರತು ಕಾಯಿಲೆ ಖಚಿತವಾಗದು ಎಂದು ಮೊದಲೇ ಹೇಳಿದರು. ವಯಸ್ಕರಲ್ಲಿ ಗಮನದ ಕೊರತೆ ಅಥವಾ ಚಡಪಡಿಕೆಯ ಐದಾದರೂ ಲಕ್ಷಣಗಳಿರಬೇಕು, ಅವು ಮನೆಯಲ್ಲೂ ಕೆಲಸದಲ್ಲೂ ತೊಂದರೆ ಕೊಡುತ್ತಿರಬೇಕು, ಮುಖ್ಯವಾಗಿ ಕೆಲವಾದರೂ 12 ವರ್ಷಕ್ಕೆ ಮುನ್ನವೇ ಕಂಡಿರಬೇಕು. ನಿದ್ರೆಯ ಕೊರತೆ, ಖಿನ್ನತೆ, ಥೈರಾಯ್ಡ್ ಏರುಪೇರು ಕೂಡ ಇದೇ ವೇಷದಲ್ಲಿ ಬರುವುದರಿಂದ ರಕ್ತಪರೀಕ್ಷೆಯೂ ಆಯಿತು. ಎರಡನೆಯ ಭೇಟಿಗೆ ತಾಯಿಯನ್ನು ಕರೆತರಲು ಹೇಳಿದರು. ಹುಚ್ಚರ ದವಾಖಾನೆ ಎಂದುಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಒಳಬಂದ ಅವ್ವ, ವೈದ್ಯರು ನನ್ನ ಬಾಲ್ಯದ ಬಗ್ಗೆ ಕೇಳಿದ ಕೂಡಲೇ ಸೆರಗು ಸರಿಸಿ ಶುರು ಮಾಡಿದಳು: "ಗಿರಣಿಗೆ ಜ್ವಾಳ ಕೊಟ್ಟು ಕಳಿಸಿದ್ರ ಡಬ್ಬಿ ಎಲ್ಲೋ ಇಟ್ಟು ಗೋಲಿ ಆಡ್ಕೋತ ನಿಲ್ತಿದ್ದ ರೀ. ಕತ್ತಲಾದ ಮ್ಯಾಲ ನಾನೇ ಹುಡುಕ್ಕೋತ ಹೋಗ್ತಿದ್ದೆ, ಇವನ್ನೂ ಡಬ್ಬೀನೂ." ವೈದ್ಯರು ನಗದೆ, ಆಗ ನಾನು ಎಷ್ಟನೆಯ ತರಗತಿ ಎಂದು ಕೇಳಿ ಬರೆದುಕೊಂಡರು. ನಾಲ್ಕನೆಯದು.

ರಕ್ತದೊತ್ತಡ ಮತ್ತು ನಾಡಿ ನೋಡಿ, ಮನೆತನದಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯೇ ಎಂದು ವಿಚಾರಿಸಿದ ಮೇಲೆಯೇ ಗಮನ ನಿಲ್ಲಲು ನೆರವಾಗುವ ಮಿಥೈಲ್‌ಫೆನಿಡೇಟ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿದರು. ನನಗೆ ಕೊಟ್ಟ ಬಗೆಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ತಾಸು. ಪವಾಡವೇನೂ ನಡೆಯಲಿಲ್ಲ, ಲಾರಿಯೊಂದರ ಕಾಟಾ (ತೂಕದ) ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಲಕ್ಕೆ ಓದಿ ಮುಗಿಸಿದ್ದೆ, ಅಷ್ಟೇ. ಆದರೆ ಮಧ್ಯಾಹ್ನದ ಹಸಿವು ಸತ್ತು, ಬುತ್ತಿಯ ರೊಟ್ಟಿ ಹಾಗೆಯೇ ಮನೆಗೆ ಮರಳತೊಡಗಿತು; ಪಲ್ಯ ರುಚಿಯಾಗಿಲ್ಲವೆಂದು ನಾನು ಮುನಿಸಿಕೊಂಡಿದ್ದೇನೆ ಎಂದು ಹೆಂಡತಿ ವಾರಗಟ್ಟಲೆ ತಿಳಿದಿದ್ದಳು. ಹೊಟ್ಟೆ ತುಂಬ ನಾಷ್ಟಾ ಮಾಡಿ ಮಾತ್ರೆ ನುಂಗಲು ವೈದ್ಯರು ಸೂಚಿಸಿದ ಮೇಲೆ ಸುಧಾರಿಸಿತು. ಆಪ್ತಸಮಾಲೋಚನೆ ಸಾಧಾರಣ.

ಇನ್ನು ದೂರು. ಈ ಔಷಧ, ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಗಳ ಪಟ್ಟಿಯಾದ 'ಎಕ್ಸ್' ಅನುಸೂಚಿಗೆ ಸೇರಿದ್ದು. ವೈದ್ಯರು ಚೀಟಿಯನ್ನು ಎರಡು ಪ್ರತಿಗಳಲ್ಲಿ ಬರೆಯಬೇಕು, ಒಂದನ್ನು ಔಷಧ ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಇದನ್ನು ಮಾರಲು ವಿಶೇಷ ಲೈಸೆನ್ಸ್ ಬೇಕಾದ್ದರಿಂದ ನಾನು ಸುತ್ತಿದ ನಾಲ್ಕು ಅಂಗಡಿಗಳಲ್ಲಿ ಮೂರು ಕಡೆ ಇಲ್ಲವೆಂದರು. ಕಾನೂನಿನ ಬಿಗಿಗೆ ಕ್ಲಿನಿಕ್ಕನ್ನು ದೂರುವುದು ನ್ಯಾಯವಲ್ಲ. ಆದರೆ ಪ್ರತಿ ತಿಂಗಳ ಚೀಟಿಗೆ ಬೆಳಿಗ್ಗೆ ಏಳಕ್ಕೆ ಖುದ್ದಾಗಿ ನಿಂತು ಟೋಕನ್ ಪಡೆಯಬೇಕು, ಫೋನಿನಲ್ಲಿ ಕೊಡುವುದಿಲ್ಲ, ಒಂದು ಮೆಸೇಜ್ ಕಳಿಸಿ ನೆನಪಿಸುವವರೂ ಇಲ್ಲ. ಕಣ್ಣಿನ ದವಾಖಾನೆಯವರು ಓದಲಾಗದ ಅಕ್ಷರದಲ್ಲಿ ಬೋರ್ಡು ಬರೆಸಿದಂತಾಯಿತು. ಎರಡು ಸಲ ತಾರೀಖು ಮರೆತು, ಮಾತ್ರೆ ಇಲ್ಲದೆ ಒಂದೊಂದು ವಾರ ಕಳೆದಿದ್ದೇನೆ. ಕೌಂಟರಿನಲ್ಲಿ ಹೇಳಿಕೊಂಡಾಗ, "ನೆನಪಿಟ್ಕೋಬೇಕ್ರೀ ಸರ್" ಎಂಬ ಉತ್ತರ ಬಂತು.

ಈ ಅಡಚಣೆಗಾಗಿಯೇ ಆಟಮಾಕ್ಸಿಟಿನ್ ಎಂಬ ಬೇರೆ ಔಷಧಕ್ಕೆ ಬದಲಾಯಿಸುವ ಮಾತನ್ನು ವೈದ್ಯರ ಬಳಿ ಎತ್ತಿದ್ದೇನೆ. ಅದಕ್ಕೆ ಇಷ್ಟು ಬಿಗಿ ಇಲ್ಲ, ಆದರೆ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಇದೇ ಕ್ಲಿನಿಕ್‌ನಲ್ಲಿ ಮುಂದುವರಿಯುತ್ತೇನೆ. ಹೋಗುವವರು ಬಾಲ್ಯದಲ್ಲಿ ತಮ್ಮನ್ನು ಕಂಡವರೊಬ್ಬರನ್ನು ಮೊದಲ ಸಲವೇ ಕರೆದೊಯ್ದರೆ ಒಂದು ಭೇಟಿಯ ಫೀಸು ಉಳಿಯುತ್ತದೆ. ಮುಂದಿನ ತಾರೀಖನ್ನು ಫೈಲಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಡುತ್ತಾರೆ. ಮೆಟ್ಟಿಲಿಳಿಯುವ ಮುನ್ನವೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.