ಹೊಗೆ ಎಲ್ಲಿಂದ ಬಂತು ಅಂತ ತೋರಿಸುವ ನಾಸಾ ವರ್ಲ್ಡ್‌ವ್ಯೂ

ಕಾಡ್ಗಿಚ್ಚಿನ ಹೊಗೆ, ಧೂಳಿನ ಬಿರುಗಾಳಿ, ಇವನ್ನು ಮೇಲಿನಿಂದ ನೋಡಬೇಕು ಅನ್ನುವವರಿಗೆ ನಾಸಾದ ವರ್ಲ್ಡ್‌ವ್ಯೂಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ದುಡ್ಡು ಬೇಡ, ಖಾತೆ ಬೇಡ. ಬ್ರೌಸರ್‌ನಲ್ಲಿ ತೆರೆದರೆ ಇಡೀ ಭೂಮಿಯ ಇವತ್ತಿನ ಚಿತ್ರ. ಉಪಗ್ರಹ ಹಾದುಹೋದ ಸುಮಾರು ಮೂರು ಗಂಟೆಯಲ್ಲಿ ಬಂದಿರುತ್ತದೆ. ಹಿಂದಕ್ಕೆ ಹೋದರೆ 2000ನೇ ಇಸವಿಯವರೆಗೂ ಸಿಗುತ್ತದೆ.

ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ. ಆಗಸ್ಟ್ ಬಂತೆಂದರೆ ಇಲ್ಲಿ ಹೊಗೆಯ ಚಿಂತೆ ಶುರು. ಗಾಳಿಯ ಗುಣಮಟ್ಟ ಹೇಳುವ ಎಕ್ಯೂಐ ಅಂಕಿ ನೋಡಿದರೆ ಗಾಳಿ ಕೆಟ್ಟಿದೆ ಅಂತ ಗೊತ್ತಾಗುತ್ತದೆ, ಆದರೆ ಹೊಗೆ ಪಕ್ಕದ ಬೆಟ್ಟದ್ದೋ, ಉತ್ತರದ ಆರೆಗಾನ್ ರಾಜ್ಯದ ಕಡೆಯದೋ, ನಾಳೆಯೂ ಇರುತ್ತದೋ ಅನ್ನುವುದು ಗೊತ್ತಾಗಲ್ಲ. ಅದಕ್ಕೆ ಈ ಚಿತ್ರ ಬೇಕು. ಬೆಂಕಿಯ ಲೇಯರ್, ಅಂದರೆ ಚಿತ್ರದ ಮೇಲೆ ಬೆಂಕಿ ತೋರಿಸುವ ಪದರ, ಹಾಕಿ, ಕೆಂಪು ಚುಕ್ಕೆ ಎಲ್ಲಿದೆ ನೋಡಿ, ಅಲ್ಲಿಂದ ಹೊಗೆಯ ಬಾಲ ಯಾವ ಕಡೆ ಹೊರಟಿದೆ ನೋಡಿ, ಹಿಂದಿನ ದಿನದ ಚಿತ್ರದ ಜೊತೆ ಹೋಲಿಸಿ. ಅಷ್ಟರಲ್ಲಿ ಅರ್ಧ ಉತ್ತರ ಸಿಕ್ಕಿರುತ್ತದೆ.

ಮೊದಮೊದಲು ಮೋಡ ಯಾವುದು, ಹೊಗೆ ಯಾವುದು ಅಂತ ಗೊಂದಲ ಆಗುವುದು ಸಹಜ. ಹಳೆಯ ದಿನಗಳನ್ನು ತೆಗೆದು ಕಣ್ಣು ಪಳಗಿಸಿಕೊಳ್ಳಿ. 2023ರ ಜೂನ್ 7ಕ್ಕೆ ಹೋಗಿ, ಕೆನಡಾದ ಕ್ವಿಬೆಕ್‌ನಿಂದ ನ್ಯೂಯಾರ್ಕ್ ಕಡೆಗೆ ಇಳಿದ ಬೂದು ಹೊಗೆ ಕಾಣುತ್ತದೆ. ಆಮೇಲೆ 2022ರ ಜನವರಿ 22, 23 ನೋಡಿ. ಪಾಕಿಸ್ತಾನದ ಕಡೆಯಿಂದ ಎದ್ದ ಧೂಳು ಅರಬ್ಬಿ ಸಮುದ್ರ ದಾಟಿ ಗುಜರಾತ್, ಮುಂಬೈ ಮುಟ್ಟಿದ ದಿನಗಳು ಅವು. ನೀಲಿ ನೀರಿನ ಮೇಲೆ ಮಣ್ಣಿನ ಬಣ್ಣ ಚೆನ್ನಾಗಿ ಗೊತ್ತಾಗುತ್ತದೆ. ಮರುಭೂಮಿಯ ಮೇಲೆ ಅದೇ ಧೂಳನ್ನು ಗುರುತಿಸುವುದು ಕಷ್ಟ, ನೆಲ ಮತ್ತು ಧೂಳಿನ ಬಣ್ಣ ಒಂದೇ ಅಲ್ವಾ. ಆಗ ಗಾಳಿಯಲ್ಲಿ ತೇಲುವ ಧೂಳು, ಹೊಗೆಯ ಕಣಗಳನ್ನು ಎತ್ತಿ ತೋರಿಸುವ ಏರೋಸಾಲ್ ಇಂಡೆಕ್ಸ್ ಲೇಯರ್ ಹಾಕಿ. ಮೋಡದ ಮೇಲೆ ಹರಡಿದ ಹೊಗೆಯನ್ನೂ ಅದು ತೋರಿಸುತ್ತದೆ. ಟೆರ್ರಾ ಉಪಗ್ರಹದಲ್ಲಿರುವ ಮೋಡಿಸ್ ಅನ್ನುವ ಉಪಕರಣದ 7-2-1 ಲೇಯರ್ (ಕಣ್ಣಿಗೆ ಕಾಣದ ಬೆಳಕನ್ನೂ ಸೇರಿಸಿದ ಕೃತಕ ಬಣ್ಣದ ಚಿತ್ರ) ಕೂಡ ನನಗೆ ತುಂಬಾ ಇಷ್ಟ. ತೆಳು ಹೊಗೆ ಮಾಯವಾಗಿ ಕೆಳಗೆ ಸುಟ್ಟ ನೆಲ ಕೆಂಗಂದಾಗಿ ಕಾಣುತ್ತದೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊರಗೆ ಹೋಗಬಹುದಾ, ಮಕ್ಕಳನ್ನು ಆಟಕ್ಕೆ ಬಿಡಬಹುದಾ ಅನ್ನುವುದನ್ನು ಇದನ್ನು ನೋಡಿ ತೀರ್ಮಾನ ಮಾಡಬೇಡಿ. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಗಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅವತ್ತು ಹೊಗೆ ಮೇಲಿತ್ತು, ಕೆಳಗೆ ಸಮುದ್ರದ ತಂಪು ಗಾಳಿಯ ಪದರ ಇತ್ತು, ಹಾಗಾಗಿ ಉಸಿರಾಡುವ ಗಾಳಿ ಆಕಾಶ ಕಂಡಷ್ಟು ಕೆಟ್ಟಿರಲಿಲ್ಲ. ನಿಜವಾಗಿ ಕೆಟ್ಟಿದ್ದು ಹೊಗೆ ಕೆಳಗಿಳಿದ ಮುಂದಿನ ದಿನಗಳಲ್ಲಿ. ಹೊಗೆ ಎಷ್ಟು ಎತ್ತರದಲ್ಲಿದೆ ಅಂತ ಮೇಲಿನಿಂದ ತೆಗೆದ ಚಿತ್ರ ಹೇಳುವುದಿಲ್ಲ. ನೆಲದ ಮೇಲಿನ ಪಿಎಂ 2.5 ಅಂಕಿ, ಅಂದರೆ ಗಾಳಿಯಲ್ಲಿರುವ ಅತಿಸೂಕ್ಷ್ಮ ಕಣಗಳ ಲೆಕ್ಕ, ನೋಡಲೇಬೇಕು. ಅದಕ್ಕೆ ಅಮೆರಿಕದಲ್ಲಾದರೆ ಏರ್‌ನೌ, ಭಾರತದಲ್ಲಿ ಸಮೀರ್ ಆ್ಯಪ್.

ಸಮಯದ ಮಿತಿಯೂ ಇದೆ. ಟೆರ್ರಾ ಬೆಳಿಗ್ಗೆ ಹಾದುಹೋಗುತ್ತದೆ, ಸುವೋಮಿ ಎನ್‌ಪಿಪಿ ಮತ್ತು ನೋವಾ-20 ಉಪಗ್ರಹಗಳು ಮಧ್ಯಾಹ್ನ 1:30ರ ಆಸುಪಾಸಿನಲ್ಲಿ. ಸಂಜೆ ಹತ್ತಿದ ಬೆಂಕಿಯ ಹೊಗೆ ಆ ದಿನದ ಚಿತ್ರದಲ್ಲಿ ಇರುವುದಿಲ್ಲ. ಕರ್ನಾಟಕ ಭೂಮಧ್ಯರೇಖೆಗೆ ಹತ್ತಿರ, ಅಲ್ಲಿ ಟೆರ್ರಾದ ಒಂದು ಸುತ್ತಿನ ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಜಾಗ ಉಳಿಯುತ್ತದೆ, ಹಾಗಾಗಿ ಟೆರ್ರಾ ಚಿತ್ರದಲ್ಲಿ ಕೆಲವು ದಿನ ನಮ್ಮ ಜಿಲ್ಲೆಗಳ ಮೇಲೇ ಕಪ್ಪು ಪಟ್ಟಿ ಬಿದ್ದಿರುತ್ತದೆ. ನೋವಾ-20 ಆರಿಸಿಕೊಂಡರೆ ಆ ತೊಂದರೆ ಇಲ್ಲ.

ಕೆಂಪು ಚುಕ್ಕೆಯೆಲ್ಲ ಕಾಡ್ಗಿಚ್ಚಲ್ಲ ಅನ್ನುವುದೂ ಗೊತ್ತಿರಲಿ. ಉಪಗ್ರಹಕ್ಕೆ ಗೊತ್ತಾಗುವುದು ಬರೀ ಬಿಸಿ. ಉಕ್ಕಿನ ಕಾರ್ಖಾನೆಯೂ ಚುಕ್ಕೆಯಾಗಬಹುದು, ಕಬ್ಬಿನ ತರಗು ಸುಟ್ಟ ಗದ್ದೆಯೂ ಆಗಬಹುದು. ಸುವೋಮಿ ಎನ್‌ಪಿಪಿ, ನೋವಾ-20ರಲ್ಲಿರುವ ವಿಐಐಆರ್‌ಎಸ್ ಉಪಕರಣದ ಒಂದು ಚುಕ್ಕೆ ಅಂದರೆ ಸುಮಾರು 375 ಮೀಟರ್ ಚೌಕ, ಬೆಂಕಿ ಅದರೊಳಗೆ ಎಲ್ಲಾದರೂ ಇರಬಹುದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಎಷ್ಟು ಕಾಡು ಹೋಯಿತು ಅಂತ ಲೆಕ್ಕ ಹಾಕಲು ಉಪಗ್ರಹ ಚಿತ್ರಗಳೇ ಬೇಕಾದವು. ಹಾಗಂತ ಒಂದೊಂದು ಚುಕ್ಕೆಯನ್ನು ನೋಡಿ ಊರಿನ ಗ್ರೂಪ್‌ನಲ್ಲಿ ಗಾಬರಿ ಹಬ್ಬಿಸುವುದು ಬೇಡ.

ಮೊಬೈಲ್‌ನಲ್ಲೂ ತೆರೆಯುತ್ತದೆ, ಆದರೆ ಲೇಯರ್‌ಗಳು ತುಂಬಾ ಜಾಸ್ತಿ, ದೊಡ್ಡ ಪರದೆಯೇ ವಾಸಿ. ಕೊಡಗು, ಚಿಕ್ಕಮಗಳೂರಲ್ಲಿ ತೋಟ ಇರುವವರು ಇದರ ಜೊತೆ ಬೆಂಕಿಯ ಸೂಚನೆ ಕೊಡುವ ನಾಸಾದ್ದೇ ಆದ ಫರ್ಮ್ಸ್ ತಾಣದಲ್ಲಿ ನಿಮ್ಮ ಜಾಗ ಗುರುತು ಮಾಡಿಡಿ. ಬೆಂಕಿ ಕಂಡಾಗ ಇಮೇಲ್ ಬರುತ್ತದೆ, ಅದೂ ಉಚಿತ. ಮರದ ನೆರಳಿನಡಿ ಸಣ್ಣಗೆ ಹರಿದಾಡುವ ಬೆಂಕಿ ಅದಕ್ಕೆ ಕಾಣದೆಯೂ ಹೋಗಬಹುದು, ಹಾಗಾಗಿ ಫೆಬ್ರವರಿಯಿಂದ ಮಳೆ ಬರುವವರೆಗೆ ಬೆಂಕಿ ಕಾವಲಿನವರ ಫೋನ್ ನಂಬರ್ ಕೈಯಲ್ಲಿರಲಿ.